ಬೆಳಕಿನ ವ್ಯಾಪ್ತಿಯೂ ಶಾಸನದ ಪಾಠವೂ: ಹಡಗಲಿ–ಹರಪನಹಳ್ಳಿ ಸೀಮೆಯ ಛಾಯಾಚಿತ್ರಗಳ ರೂಪಾಂತರವನ್ನು ಕುರಿತು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಮಂಟಪದಲ್ಲಿ ನಡುಹಗಲಿನ ಹೊತ್ತು ನಿಂತವರು ಒಂದು ಸಂಗತಿಯನ್ನು ಗಮನಿಸದಿರಲಾರರು. ಅಂಚಿನ ಕಂಬಗಳ ಮೇಲೆ ಬಿಸಿಲು ಕಣ್ಣು ಕೋರೈಸುತ್ತಿರುವಾಗಲೇ ಒಳಗಿನ ಬಾಗಿಲುವಾಡದ ಕೆತ್ತನೆಯು ಕತ್ತಲೆಯಲ್ಲಿ ಅಡಗಿರುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡು ನೋಡಬಲ್ಲುದು. ಕ್ಯಾಮೆರಾದ ಒಂದೇ ಚಿತ್ರಕ್ಕೆ ಅದು ಸಾಧ್ಯವಾಗದು; ಬಾಗಿಲನ್ನು ಹಿಡಿದರೆ ಕಂಬವು ಸುಣ್ಣದ ಗೋಡೆಯಾಗುತ್ತದೆ, ಕಂಬವನ್ನು ಹಿಡಿದರೆ ಬಾಗಿಲು ಮಸಿಯಾಗುತ್ತದೆ. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಪ್ರಸಿದ್ಧವಾದ ಮದನಿಕೆಯರನ್ನು ಚಿತ್ರಿಸಹೊರಟವರಿಗೂ ಇದೇ ತೊಡಕು.

ಇದಕ್ಕೆ ಪರಿಹಾರವಾಗಿ ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಬೆಳಕಿಗೆ ತೆರೆದಿಡುವ ಕಾಲವನ್ನು ಹೆಚ್ಚುಕಡಿಮೆ ಮಾಡಿ ಹಲವು ಚಿತ್ರಗಳನ್ನು ತೆಗೆದು, ಅವನ್ನು ಗಣಕದಲ್ಲಿ ಒಂದುಗೂಡಿಸುವ ಕ್ರಮವುಂಟು. ಡೆಬೆವೆಕ್ ಮತ್ತು ಮಲಿಕ್ ಎಂಬ ವಿದ್ವಾಂಸರು 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಕ್ರಮವು ಬಹಳ ಪ್ರಚಾರಕ್ಕೆ ಬಂದಿತು. ಹೀಗೆ ದೊರೆತ ಎಚ್.ಡಿ.ಆರ್. ಚಿತ್ರವನ್ನು ರೇಡಿಯನ್ಸ್ ಅಥವಾ 2003ರಲ್ಲಿ ಸಾರ್ವಜನಿಕ ಬಳಕೆಗೆ ಬಿಡುಗಡೆಯಾದ ಓಪನ್ ಇ.ಎಕ್ಸ್.ಆರ್. ಕಡತದಲ್ಲಿ ಇಡುತ್ತಾರೆ. ಆದರೆ ಇಂತಹ ಕಡತವನ್ನು ಹಾಗೆಯೇ ಅಚ್ಚುಹಾಕಲು ಬಾರದು. ಆದುದರಿಂದ ಅದನ್ನು ಜೆಪೆಗ್‌ಗೆ ಪರಿವರ್ತಿಸುವುದು ವಾಡಿಕೆ. ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿಯೊಂದು ವರ್ಣಕ್ಕೂ 256 ಮೆಟ್ಟಿಲುಗಳು ಮಾತ್ರ. ಬಿಸಿಲಿನಿಂದ ಗರ್ಭಗುಡಿಯ ಕತ್ತಲೆಯವರೆಗಿನ ಹರವನ್ನು ಇಷ್ಟರಲ್ಲಿ ಅಡಕಗೊಳಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನವನ್ನು ನಾವು ಸಾಮಾನ್ಯವಾಗಿ ತಂತ್ರಾಂಶದ ಒಂದು ಗುಂಡಿಗೆ ಒಪ್ಪಿಸಿಬಿಡುತ್ತೇವೆ.

ಇತಿಹಾಸದ ವಿದ್ಯಾರ್ಥಿಗೆ ಇಂತಹ ರೂಪಾಂತರವು ಹೊಸದೇನಲ್ಲ. ಈ ಸೀಮೆಯು 1953ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದುದರಿಂದ, ಇಲ್ಲಿಯ ಅನೇಕ ಶಾಸನಗಳು 1939ರಲ್ಲಿ ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರು ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಸೇರಿವೆ. ಶಾಸನದ ಪಡಿಯಚ್ಚೂ ಒಂದು ರೂಪಾಂತರವೇ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ಒತ್ತಿದಾಗ ಅಕ್ಷರವು ಬಿಳಿದಾಗಿಯೂ ಮಿಕ್ಕ ಮೈ ಕಪ್ಪಾಗಿಯೂ ಮೂಡುತ್ತದೆ. 256 ಮೆಟ್ಟಿಲುಗಳ ಮಾತಿರಲಿ, ಇಲ್ಲಿ ಇರುವುದು ಹೆಚ್ಚುಕಡಿಮೆ ಎರಡೇ. ಆದರೂ ಅದು ವಿಶ್ವಾಸಾರ್ಹ. ಏಕೆಂದರೆ ಕಾಗದವು ಕಲ್ಲಿನ ಕೊರೆತವನ್ನೇ ಮುಟ್ಟಿರುತ್ತದೆ. ಅದರಿಂದ ಪಾಠವನ್ನು ಸಿದ್ಧಪಡಿಸುವವರು ಸಂದೇಹವಿರುವ ಅಕ್ಷರವನ್ನು ಆವರಣ ಚಿಹ್ನೆಯೊಳಗೆ ಇಡುತ್ತಾರೆ. ಚಿತ್ರವನ್ನು ಕುಗ್ಗಿಸುವ ತಂತ್ರಾಂಶವು ಯಾವ ಆವರಣವನ್ನೂ ಹಾಕುವುದಿಲ್ಲ.

ಈ ಮಾತನ್ನು ನಾನು ನಷ್ಟ ತೆತ್ತು ಕಲಿತೆನು. ಹಡಗಲಿ ತಾಲ್ಲೂಕಿನ ಒಂದು ಗುಡಿಯಲ್ಲಿ ಕತ್ತಲ ಮೂಲೆಯ ಶಾಸನವೊಂದನ್ನು ಐದು ಚಿತ್ರಗಳಲ್ಲಿ ಹಿಡಿದು, ಒಂದುಗೂಡಿಸಿ, ಜೆಪೆಗ್ ಮಾಡಿ, ಜಾಗ ಉಳಿಸುವ ಆಸೆಯಿಂದ ಮೂಲಗಳನ್ನು ಅಳಿಸಿಬಿಟ್ಟಿದ್ದೆನು. ಚಿತ್ರವು ನೋಡಲು ಸೊಗಸಾಗಿತ್ತು. ಓದಲು ಕುಳಿತಾಗ ಒಂದು ಹೆಸರಿನ ನಡುವೆ ಅನುಸ್ವಾರವಿದೆಯೋ, ಕಲ್ಲಿನ ಸಣ್ಣ ಕುಳಿಯೋ ತಿಳಿಯದಾಯಿತು. ಸ್ಥಳೀಯ ವ್ಯತ್ಯಾಸವನ್ನು ಹಿಗ್ಗಿಸುವ ವಿಧಾನದಲ್ಲಿ ಬಿರುಕೂ ಕುಳಿಯೂ ಅಕ್ಷರದಷ್ಟೇ ಗಟ್ಟಿಯಾಗಿ ಕಾಣುತ್ತವೆ. ಅಂಚುಗಳ ಸುತ್ತ ಇಲ್ಲದ ಪ್ರಭೆಯೂ ಮೂಡುತ್ತದೆ. ಮರುವರ್ಷ ಹೋಗಿ ನೋಡಿದರೆ ಆ ಕಲ್ಲಿಗೆ ದಪ್ಪನೆಯ ಎಣ್ಣೆಬಣ್ಣವನ್ನು ಬಳಿದಿದ್ದರು. ಆ ಹೆಸರು ಇಂದಿಗೂ ನನ್ನ ಟಿಪ್ಪಣಿಯಲ್ಲಿ ಪ್ರಶ್ನೆಚಿಹ್ನೆಯೊಡನೆಯೇ ಇದೆ.

ಇನ್ನೊಂದು ಮಾತು. ಕೊರೆದ ಅಕ್ಷರವು ಕಾಣುವುದು ಅದರ ನೆರಳಿನಿಂದ. ಎಲ್ಲ ನೆರಳುಗಳನ್ನೂ ಸಮಮಾಡಿದ ಚಿತ್ರದಲ್ಲಿ ಬಾಗಿಲುವಾಡವು ಚೆನ್ನಾಗಿ ಕಂಡರೂ ಶಾಸನವು ಮಂಕಾಗಬಹುದು. ಅದಕ್ಕಾಗಿ ಪಕ್ಕದಿಂದ ಓರೆಬೆಳಕು ಬಿಟ್ಟು ತೆಗೆದ ಚಿತ್ರವು ಬೇರೆಯೇ ಇರಬೇಕು. ಬಿಡಿಚಿತ್ರಗಳನ್ನೂ ಒಂದುಗೂಡಿಸಿದ ಕಡತವನ್ನೂ ಹಾಗೆಯೇ ಇಟ್ಟುಕೊಂಡು, ಅಧ್ಯಯನಕ್ಕೆ 16 ಬಿಟ್‌ನ ಟಿಫ್ ಪ್ರತಿಯನ್ನೂ, ಅಚ್ಚಿಗೆ ಮಾತ್ರ ಜೆಪೆಗ್ ಪ್ರತಿಯನ್ನೂ ಮಾಡಿಕೊಳ್ಳುವುದು ಯುಕ್ತ. ಕುಗ್ಗಿಸಿದ ವಿಧಾನದ ಹೆಸರನ್ನು ಚಿತ್ರದ ಅಡಿಯಲ್ಲಿ ಬರೆಯುವುದಕ್ಕೆ ಒಂದು ಸಾಲು ಸಾಕು.

ರೂಪಾಂತರದ ವೇಳೆಯಲ್ಲಿ ಕಡತದೊಳಗಿನ ದಿನಾಂಕ, ಸ್ಥಳಗಳ ವಿವರವೂ ಹಲವು ವೇಳೆ ಕಳಚಿಹೋಗುತ್ತದೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆದುದರಿಂದ ಚಿತ್ರದ ಹೆಸರಿನಲ್ಲಿ ಜಿಲ್ಲೆಗಿಂತ ಮೊದಲು ಊರನ್ನೂ, ಗುಡಿಯನ್ನೂ, ಕಲ್ಲು ನಿಂತಿರುವ ದಿಕ್ಕನ್ನೂ ಬರೆದಿಡತಕ್ಕದ್ದು.