ಬೆಟ್ಟ-ಬೀಳುಗಳ ಜೀವದ ಲೆಕ್ಕ

ನಾಗಮಂಗಲದಿಂದ ಬೆಳ್ಳೂರಿನ ಮೇಲೆ ಆದಿಚುಂಚನಗಿರಿಗೆ ನೀವು ಒಮ್ಮೆಯಾದರೂ ಹೋಗಿರಬಹುದು. ಜಾತ್ರೆಗೋ ಹರಕೆಗೋ ಹೋದವರ ಕಣ್ಣಿಗೆ ಮೊದಲು ಬೀಳುವುದು ಬೋಳು ಬಂಡೆಯ ಬೆಟ್ಟ; ಆಮೇಲೆ ಮೆಟ್ಟಿಲು, ಆಮೇಲೆ ಕಾಲಭೈರವನ ಗುಡಿ. ರಾತ್ರಿ ಅಲ್ಲಿಯೇ ತಂಗಿದ್ದು ನಸುಕಿನಲ್ಲಿ ಎದ್ದವರಾದರೆ ನವಿಲಿನ ಕೂಗನ್ನೂ ಕೇಳಿಯೇ ಇರುತ್ತೀರಿ. ಆ ಕೂಗು ಇಂಪಾದುದೆಂದು ಯಾರೂ ಹೇಳಲಾರರು. ಆದರೂ ಒಂದು ಬಂಡೆಯಿಂದ ಎದ್ದ ಕೂಗಿಗೆ ಮತ್ತೊಂದು ಬಂಡೆಯಿಂದ ಉತ್ತರ ಬರುವುದನ್ನು ಕೇಳುತ್ತ ನಿಂತರೆ ಬೆಟ್ಟವೇ ಮಾತನಾಡಿಕೊಳ್ಳುತ್ತಿದೆಯೆನಿಸುತ್ತದೆ.

ನವಿಲು ನಮ್ಮ ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ. ಈ ಬೆಟ್ಟದ ಸುತ್ತಣ ನೆಲ ಸರ್ಕಾರದ ಕಾಗದಗಳಲ್ಲಿ ನವಿಲುಧಾಮವಾದದ್ದು 1981ರಲ್ಲಿ. ಇಡೀ ಧಾಮ ಒಂದು ಚದರ ಕಿಲೋಮೀಟರು ಕೂಡ ಇಲ್ಲ. ಬೆಳಗಿನ ಹೊತ್ತು ಒಂದು ಸುತ್ತು ಹಾಕಿ ಬಂದು ಕಾಫಿ ಕುಡಿಯಬಹುದಾದಷ್ಟು ಜಾಗ. ನವಿಲಿಗೆ ಈ ಗಡಿಯ ಕಲ್ಲು ಕಾಣಿಸುವುದೆ? ಅದು ರೈತನ ರಾಗಿ ಹೊಲಕ್ಕೂ ಇಳಿಯುತ್ತದೆ, ಅವರೆಯ ಚಪ್ಪರಕ್ಕೂ ಹತ್ತುತ್ತದೆ. ಆದ್ದರಿಂದ, ಬೇಲಿಯೊಳಗಿನ ಕಾಡನ್ನು ಮಾತ್ರ ಕಾದರೆ ಸಾಲದು, ಬೆಟ್ಟ, ಬೀಳು, ಕೆರೆ, ಹೊಲ, ಹೊಳೆ ಎಲ್ಲವನ್ನೂ ಒಂದೇ ಸಂಸಾರವೆಂದು ನೋಡಬೇಕು ಎಂಬ ತಿಳಿವಳಿಕೆ ಈಚಿನ ದಶಕಗಳಲ್ಲಿ ಬೆಳೆದಿದೆ. ಇದಕ್ಕೆ ವಿದ್ವಾಂಸರು ‘ಭೂದೃಶ್ಯ ಸಂರಕ್ಷಣೆ’ ಎಂದು ಹೆಸರಿಟ್ಟಿದ್ದಾರೆ. ನಾಲಗೆಗೆ ತುಸು ಒರಟಾದ ಹೆಸರು. ನಮ್ಮ ಹಳ್ಳಿಗರು ‘ಸೀಮೆ’ ಎಂದರೆ ಅದರಲ್ಲಿ ಎಲ್ಲವೂ ಸೇರಿಹೋಗುತ್ತಿತ್ತು. ಇಂಥ ಯೋಜನೆಗಳಲ್ಲಿ ಜೀವವೈವಿಧ್ಯ ಅಧಿಕಾರಿಯೆಂಬ ಒಂದು ಹುದ್ದೆಯುಂಟು. ಈತನ ಕೈಯಲ್ಲಿ ಕೋವಿಯಿಲ್ಲ, ದಂಡ ಹಾಕುವ ಅಧಿಕಾರವೂ ಸಾಮಾನ್ಯವಾಗಿ ಇರುವುದಿಲ್ಲ. ದುರ್ಬೀನು, ಒಂದು ವಹಿ, ಗಟ್ಟಿಯಾದ ಕಾಲು, ಇಷ್ಟೇ ಬಂಡವಾಳ. ಯಾವ ಗಿಡ ಎಲ್ಲಿದೆ, ಯಾವ ಹಕ್ಕಿ ಯಾವ ತಿಂಗಳು ಬಂತು, ಯಾವುದು ಹತ್ತು ವರ್ಷದಿಂದ ಕಾಣಿಸಿಲ್ಲ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ಬರೆದಿಡುವುದೂ, ಆ ಬರಹವನ್ನು ಮುಂದಿಟ್ಟುಕೊಂಡು ರೈತರೊಡನೆಯೂ ಇಲಾಖೆಗಳೊಡನೆಯೂ ಮಾತಾಡುವುದೂ ಅವನ ಕೆಲಸ.

ಹುದ್ದೆಯ ಹೆಸರು ಹೊಸದು, ಕೆಲಸ ಹೊಸದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಜೀವಗಳ ಲೆಕ್ಕ ಬರೆಯುವ ಯತ್ನ ಇನ್ನೂರು ವರ್ಷಗಳಿಗೂ ಹಿಂದೆಯೇ ಆರಂಭವಾಯಿತು. ಅದು ಆರಂಭವಾದದ್ದು ಯುದ್ಧದ ಬೂದಿಯ ಮೇಲೆ.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ದ್ವೀಪದ ಮೇಲೆ ಬೀಡುಬಿಟ್ಟಿತು. ಗಂಜಾಮಿನ ಕಡೆ ಟಿಪ್ಪು ಸುಲ್ತಾನನ ಲಾಲ್‌ಬಾಗು ಇತ್ತು. ಕೋಟೆಗೆ ಮುತ್ತಿಗೆ ಹಾಕಲು ಸೈನಿಕರಿಗೆ ಕಟ್ಟಿಗೆಯ ಹೊರೆಗಳು ಬೇಕಾಗಿದ್ದವು. ಸಾಲುಸಾಲಾಗಿ ಬೆಳೆಸಿದ್ದ ತೋಟದ ಮರಗಳನ್ನು ಕಡಿದು ಹೊರೆ ಕಟ್ಟಿದರು. ಅದೇ ಯುದ್ಧದಲ್ಲಿ ಮರಾಠರ ದಂಡು ನಾಗಮಂಗಲವನ್ನೂ ಹಾಳುಮಾಡಿತು. ಯುದ್ಧದ ಚರಿತ್ರೆಯಲ್ಲಿ ಸತ್ತ ಸಿಪಾಯಿಗಳ ಎಣಿಕೆಯಿದೆ, ಒಪ್ಪಿಸಿದ ಹಣದ ಎಣಿಕೆಯಿದೆ. ಕಡಿದ ಮರಗಳಿಗೆ, ಆ ಮರಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳಿಗೆ ಆ ದಿನ ಲೆಕ್ಕ ಬರೆಯುವವನು ಯಾರೂ ಇರಲಿಲ್ಲ.

1799ರಲ್ಲಿ ಪಟ್ಟಣ ಬಿತ್ತು. ಗೆದ್ದ ನೆಲದಲ್ಲಿ ಏನೇನಿದೆ ಎಂದು ಗೆದ್ದವರಿಗೆ ತಿಳಿಯಬೇಕಲ್ಲ! ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ತೊಡಗಿದನು. ಅವನ ತಂಡಕ್ಕೆ ಸಸ್ಯಗಳ ವಿಚಾರ ನೋಡಿಕೊಳ್ಳಲೆಂದು ಬೆಂಜಮಿನ್ ಹೇನ್ ಎಂಬ ಜರ್ಮನ್ ವೈದ್ಯನನ್ನು ಕೊಟ್ಟರು. ಹೇನನು ದಕ್ಷಿಣದಲ್ಲಿ ಕೂಡಿಸಿದ ಗಿಡಗಳ ಒಣಮಾದರಿಗಳು ಯೂರೋಪಿಗೆ ಹೋಗಿ, ಅಲ್ಲಿ ರಾಥ್ ಎಂಬ ಪಂಡಿತನ ಕೈಸೇರಿ, 1821ರಲ್ಲಿ ಪುಸ್ತಕವಾಗಿ ಹೊರಬಂದವು. ನಮ್ಮ ಬೇಲಿಸಾಲಿನ ಗಿಡಗಳು ಎಲ್ಲಿಂದ ಎಲ್ಲಿಗೆ ಪ್ರಯಾಣ ಮಾಡಿವೆ, ನೋಡಿ.

ಇವನಿಗಿಂತ ನಮಗೆ ಹತ್ತಿರದವನು ಫ್ರಾನ್ಸಿಸ್ ಬುಕನನ್. ಸ್ಕಾಟ್ಲೆಂಡಿನ ವೈದ್ಯ, ಕಂಪನಿಯ ನೌಕರ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ 1801ರಲ್ಲಿ ಹಿಂದಿರುಗಿದನು. ಶ್ರೀರಂಗಪಟ್ಟಣದಲ್ಲಿ ನಿಂತನು, ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳನ್ನು ಕಂಡನು. 1807ರಲ್ಲಿ ಲಂಡನ್ನಿನಲ್ಲಿ ಅವನ ಪ್ರವಾಸಕಥನ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದನ್ನು ಬಿಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ರಾಗಿಯ ಹೊಲವನ್ನು ಎಷ್ಟು ಸಲ ಉಳುತ್ತಾರೆ, ಜೊತೆಗೆ ಯಾವ ಅಕ್ಕಡಿ ಕಾಳು ಹಾಕುತ್ತಾರೆ, ಬತ್ತದಲ್ಲಿ ಎಷ್ಟು ಬಗೆ, ದನ ಕುರಿ ಸಾಕುವವರು ಯಾರು, ಕಬ್ಬಿಣ ಕರಗಿಸುವವರು ಯಾವ ಮರದ ಇದ್ದಲು ಬಳಸುತ್ತಾರೆ ಎಂಬುದನ್ನೆಲ್ಲ ಅವನು ಕೇಳಿಕೇಳಿ ಬರೆದಿದ್ದಾನೆ. ಕಾಡಿನ ಮರಗಳ ಪಟ್ಟಿ ಮಾಡುವಾಗ ಕನ್ನಡದ ಹೆಸರುಗಳನ್ನೇ, ತನ್ನ ಕಿವಿಗೆ ಕೇಳಿದಂತೆ, ಇಂಗ್ಲಿಷ್ ಅಕ್ಷರದಲ್ಲಿ ಗೀಚಿಕೊಂಡಿದ್ದಾನೆ. ಆ ಕಾಗುಣಿತವನ್ನು ಬಿಡಿಸಿ ಓದುವುದೇ ಒಂದು ವಿನೋದ.

ಅವನು ನಿಷ್ಪಕ್ಷಪಾತಿಯಾಗಿರಲಿಲ್ಲ. ಸೋತ ಸುಲ್ತಾನನ ಬಗ್ಗೆ ಬರೆಯುವಾಗ ಗೆದ್ದವರ ನೌಕರನೇ ಆಗಿಬಿಡುತ್ತಾನೆ. ಅವನ ಲೆಕ್ಕದ ಉದ್ದೇಶವೂ ವ್ಯಾಪಾರವೇ: ಯಾವುದರಿಂದ ಎಷ್ಟು ಹುಟ್ಟುವಳಿ ಬಂದೀತು? ಆದರೂ ಒಂದು ಗುಣ ಅವನಲ್ಲಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಕುಳಿತು ಕೇಳುತ್ತಿದ್ದನು. ಒಕ್ಕಲಿಗನ ಮಾತು, ಕುರುಬನ ಮಾತು ಎಂದು ಪ್ರತ್ಯೇಕವಾಗಿ ಹೇಳಿ ಬರೆದಿಡುತ್ತಿದ್ದನು. ಇಂದಿನ ಅಧಿಕಾರಿಗೂ ಇದಕ್ಕಿಂತ ಬೇರೆ ದಾರಿಯಿಲ್ಲ.

ಆ ಮುಂದಿನ ನೂರು ವರ್ಷ ಸರ್ಕಾರದ ವಹಿಯಲ್ಲಿ ಏರಿದ ಜೀವಗಳು ಎರಡೇ ಬಗೆಯವು: ದುಡ್ಡು ತರುವವು, ಕಾಟ ಕೊಡುವವು. ಶ್ರೀಗಂಧ ಮೊದಲನೆಯ ಬಗೆ. ಅದು ರಾಜವೃಕ್ಷ, ಯಾರ ಹೊಲದಲ್ಲಿ ಹುಟ್ಟಿದರೂ ಅರಸನ ಸೊತ್ತು. 2001ರ ತಿದ್ದುಪಡಿಯಾಗುವವರೆಗೆ ತನ್ನ ಹಿತ್ತಲ ಗಂಧದ ಮರ ತನ್ನದೆಂದು ಹೇಳುವ ಹಕ್ಕು ನಮ್ಮ ರೈತನಿಗಿರಲಿಲ್ಲ. ಹಾಗಾಗಿ ಗಂಧದ ಸಸಿ ಕಂಡರೆ ಚಿವುಟಿ ಹಾಕುವುದೇ ಕ್ಷೇಮವೆಂದು ಅನೇಕರು ತಿಳಿದಿದ್ದರು. ಅಮೃತಮಹಲ್ ದನಗಳೂ ಮೊದಲನೆಯ ಬಗೆಯೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದ ಈ ತಳಿಗೆಂದು ಸೀಮೆಯ ಉದ್ದಗಲಕ್ಕೂ ಕಾವಲುಗಳನ್ನು ಬಿಟ್ಟಿದ್ದರು. ದನಗಳಿಗಾಗಿ ಉಳಿಸಿದ ಹುಲ್ಲಿನಲ್ಲಿ ಗೌಜಲ ಹಕ್ಕಿ, ಮೊಲ, ನರಿ, ತೋಳಗಳೂ ಉಳಿದುಕೊಂಡವು. ಫಿರಂಗಿಯ ಗಾಡಿ ಎಳೆಯುವ ಎತ್ತಿನ ಹೆಸರಿನಲ್ಲಿ ತೋಳಕ್ಕೆ ಮನೆ ಸಿಕ್ಕಿದ್ದು ಚರಿತ್ರೆಯ ಒಂದು ತಮಾಷೆ.

ತೋಳ ಮಾತ್ರ ಎರಡನೆಯ ಬಗೆಗೆ ಸೇರಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ತೋಳ ಕೊಂದು ತಂದವರಿಗೆ ಖಜಾನೆಯಿಂದಲೇ ಇನಾಮು ದೊರೆಯುತ್ತಿತ್ತು. ವರ್ಷಕ್ಕೆ ಎಷ್ಟು ಸತ್ತವು ಎಂಬ ಪಟ್ಟಿ ಸರ್ಕಾರಿ ವರದಿಗಳಲ್ಲಿ ಅಚ್ಚಾಗುತ್ತಿತ್ತು. ಬದುಕಿದ್ದವೆಷ್ಟು ಎಂದು ಕೇಳಿದವರಿಲ್ಲ.

ಬದುಕಿದ್ದುದನ್ನು ಎಣಿಸಲೆಂದೇ ಮೈಸೂರಿಗೆ ಬಂದವರು ಸಲೀಂ ಅಲಿ. 1939-40ರಲ್ಲಿ, ಅರಸರ ಸರ್ಕಾರದ ನೆರವಿನಿಂದ, ಅವರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅದರ ಫಲವನ್ನು ಹ್ಯೂ ವಿಸ್ಲರ್ ಅವರೊಡನೆ 1942-43ರಲ್ಲಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸಂದರ್ಭದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿರುವುದು ಅವರ ಕಣ್ಣಿಗೆ ಬಿತ್ತು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಈ ನಡುಗಡ್ಡೆಗಳು ಮೂಡಿದ್ದಾದರೂ ಹೇಗೆ? 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಕಟ್ಟಿಸಿದ ಒಡ್ಡಿನಿಂದ. ಗದ್ದೆಗೆ ನೀರು ತಿರುಗಿಸಲು ಕಟ್ಟಿದ ಒಡ್ಡು ಮುನ್ನೂರು ವರ್ಷದ ಮೇಲೆ ಹಕ್ಕಿಗಳ ಬಾಣಂತಿಕೋಣೆಯಾಯಿತು! ಮನುಷ್ಯನ ಕೈಬಿದ್ದಲ್ಲೆಲ್ಲ ಪ್ರಕೃತಿ ಹಾಳಾಗುತ್ತದೆ ಎನ್ನುವವರಿಗೆ ನಾನು ಈ ತಿಟ್ಟುಗಳನ್ನು ತೋರಿಸುತ್ತೇನೆ.

ಹಾಗೆಂದು ಮೈಮರೆಯುವಂತೆಯೂ ಇಲ್ಲ. ಮೇಲೆ ಕನ್ನಂಬಾಡಿ ಕಟ್ಟೆಯಿದೆ. 1911ರಲ್ಲಿ ಆರಂಭವಾದ ಆ ಕಟ್ಟೆ ಮಂಡ್ಯದ ಒಣನೆಲವನ್ನು ಹಸಿರು ಮಾಡಿದ್ದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೆ ಜಲಾಶಯ ತುಂಬಿ ಬಾಗಿಲು ತೆರೆದ ದಿನ ಕೆಳಗಿನ ತಿಟ್ಟುಗಳಲ್ಲಿ ಪ್ರಳಯವೇ. 2018 ಮತ್ತು 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ತಿಟ್ಟುಗಳ ಮೇಲೆ ಹರಿಯಿತು. ದೋಣಿ ವಿಹಾರ ನಿಂತಿತು. ನೀರು ಇಳಿದ ಮೇಲೆ ಕೊಚ್ಚಿಹೋದ ಅಂಚುಗಳಿಗೆ ಮರಳಿನ ಚೀಲ ಪೇರಿಸಿ ನಡುಗಡ್ಡೆಗಳನ್ನು ಉಳಿಸಿಕೊಳ್ಳಬೇಕಾಗುತ್ತದೆ. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ತಾಣಕ್ಕೂ ಮರಳಿನ ಚೀಲವನ್ನು ಹೆಗಲ ಮೇಲೆ ಹೊತ್ತೇ ಹಾಕಬೇಕು.

ತೋಳದ ಕಥೆಗೆ ಬರೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಎರಡೇ ವರ್ಷದಲ್ಲಿ, 1974ರಲ್ಲಿ, ಮೇಲುಕೋಟೆಯ ಸುತ್ತ ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿ, ನಾರಾಯಣದುರ್ಗ, ಮುದಿಬೆಟ್ಟಗಳ ಕಡೆಯ ಕಾಡನ್ನೂ ಸೇರಿಸಿ, ಸುಮಾರು 50 ಚದರ ಕಿಲೋಮೀಟರು ನೆಲ ವನ್ಯಧಾಮವಾಯಿತು. ಮುಖ್ಯವಾಗಿ ಯಾರಿಗಾಗಿ? ತೋಳಕ್ಕಾಗಿ! ತಾತನ ಕಾಲದಲ್ಲಿ ತಲೆಗೆ ಇನಾಮು ಹೊತ್ತಿದ್ದ ಮೃಗ ಮೊಮ್ಮಗನ ಕಾಲಕ್ಕೆ ಸರ್ಕಾರದ ಅತಿಥಿ. ಖರ್ಚಿನ ಕಡೆ ಬರೆದಿದ್ದ ಹೆಸರು ಜಮೆಯ ಕಡೆಗೆ ಬಂತು. ಕುರಿ ಕಳೆದುಕೊಂಡ ಕುರುಬನಿಗೆ ಈ ವರ್ಗಾವಣೆಯನ್ನು ಅರ್ಥಮಾಡಿಸುವುದು ಸುಲಭವಲ್ಲ. ಅಧಿಕಾರಿಯ ಕೆಲಸದ ಕಷ್ಟವಾದ ಭಾಗ ಇದೇ. ಹಕ್ಕಿ ಗುರುತಿಸುವುದನ್ನು ಪುಸ್ತಕ ನೋಡಿ ಕಲಿಯಬಹುದು. ಒಂದು ಮರಿ ಹೋದ ಮನೆಯ ಜಗಲಿಯ ಮೇಲೆ ಕುಳಿತು ಮಾತಾಡುವುದಕ್ಕೆ ಪುಸ್ತಕವಿಲ್ಲ.

ತೋಳಕ್ಕೆ ದಟ್ಟಡವಿ ಬೇಡ. ಕಾರೆ, ಕವಳಿ, ತಂಗಟೆ, ಬಂದರೆಯ ಕುರುಚಲು, ನಡುನಡುವೆ ಬಂಡೆ, ಒಂದಿಷ್ಟು ಹುಲ್ಲು ಇದ್ದರೆ ಸಾಕು. ಕಂದಾಯದ ಭಾಷೆಯಲ್ಲಿ ಇದು ಬೀಳು, ಬಂಜರು, ಪಾಳು. ದೇಶದ ಪಾಳುಭೂಮಿಯ ಭೂಪಟಗಳಲ್ಲಿ ಇಂದಿಗೂ ಕುರುಚಲು ನೆಲಕ್ಕೆ ಒಂದು ಕಲಮು ಉಂಟು. ಪಾಳೆಂದು ಒಮ್ಮೆ ಬರೆದ ಮೇಲೆ ಅದನ್ನು ‘ಸುಧಾರಿಸ’ಲು ಹೊರಡುವುದು ಸಹಜ. ನಂದಿಬೆಟ್ಟದ ಕಡೆಯಿಂದ ಹಬ್ಬಿದ ‘ಮೈಸೂರು ಗಮ್’ ಎಂಬ ನೀಲಗಿರಿಯನ್ನು 1960ರ ದಶಕದಿಂದ ಮೈದಾನ ಸೀಮೆಯಲ್ಲೆಲ್ಲ ನೆಟ್ಟರು. ದೂರದಿಂದ ನೋಡಿದವರಿಗೆ ಹಸಿರು ಕಂಡಿತು. ಒಳಗೆ ಹೋದರೆ ಹುಲ್ಲಿಲ್ಲ, ಕಾರೆಹಣ್ಣಿಲ್ಲ, ಹಕ್ಕಿಯ ಸದ್ದೂ ಕಡಿಮೆ. ಈಚಿನ ದಶಕದಲ್ಲಿ ನಮ್ಮ ರಾಜ್ಯವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಗಿಡ ನೆಡುವುದು ಪುಣ್ಯದ ಕೆಲಸವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಡುವ ಮುಂಚೆ ಆ ಜಾಗದಲ್ಲಿ ಯಾರಿದ್ದಾರೆಂದು ಕೇಳಿಕೊಳ್ಳುವ ಸೌಜನ್ಯ ಬೇಡವೆ?

ಆ ಕೇಳಿಕೆಗೆ ಕಾನೂನಿನ ಬಲ ದೊರೆತದ್ದು 2002ರ ಜೀವವೈವಿಧ್ಯ ಕಾಯಿದೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು 1990ರ ದಶಕದಲ್ಲಿಯೇ, ಊರಿನ ಜೀವಸಂಪತ್ತಿನ ದಾಖಲೆಯನ್ನು ಊರವರೇ ಬರೆಯಬೇಕೆಂದು ಪ್ರಯೋಗ ನಡೆಸಿದ್ದರು. ಕಾಯಿದೆ ಅದನ್ನು ಒಪ್ಪಿಕೊಂಡಿತು. ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ. ಆ ಸಮಿತಿಯ ಕೈಯಲ್ಲಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಎಂಬ ವಹಿ. ಕಾಡುಮೃಗವಷ್ಟೇ ಅಲ್ಲ, ಬತ್ತದ ತಳಿ, ರಾಗಿಯ ತಳಿ, ಹಳ್ಳಿಕಾರ್ ದನ, ಮಂಡ್ಯದ ಕುರಿ, ನಾಟಿವೈದ್ಯರ ಸೊಪ್ಪು ಬೇರು, ಎಲ್ಲಕ್ಕೂ ಅದರಲ್ಲಿ ಪುಟಗಳಿವೆ. ಇದೇ ಜಿಲ್ಲೆಯ ಕಿರುಗಾವಲಿನಲ್ಲಿ ರೈತರೊಬ್ಬರು ನೂರಾರು ನಾಟಿ ಬತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ಬೆಳೆದು ಬೀಜ ಕಾಪಾಡಿಕೊಂಡು ಬಂದಿದ್ದಾರೆ. ಬುಕನನ್ ಕಂಡಿದ್ದರೆ ಅವರ ಮನೆಯಲ್ಲಿ ವಾರವಾದರೂ ಕೂತಿರುತ್ತಿದ್ದನು.

ಆದರೆ ಕಾನೂನಿನ ಗಡುವಿಗೆ ವಿವೇಚನೆಯಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ದೇಶದ ಎಲ್ಲ ವಹಿಗಳನ್ನೂ ಮುಗಿಸಲು 2020ರ ಜನವರಿಯ ಅವಧಿ ಕೊಟ್ಟಿತು. ಅವಸರದ ಕೆಲಸ ಹೇಗಿರುತ್ತದೆಂದು ನಿಮಗೆ ಗೊತ್ತು. ಪಕ್ಕದೂರಿನ ಪಟ್ಟಿಯನ್ನೇ ತಿರುಗಿ ಬರೆದ ವಹಿಗಳೂ ಹುಟ್ಟಿಕೊಂಡವೆಂಬ ದೂರು ದೇಶದ ನಾನಾ ಕಡೆಯಿಂದ ಬಂತು. ಸುಳ್ಳು ಲೆಕ್ಕ, ಲೆಕ್ಕವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ನಾಳೆ ಗುಡ್ಡಕ್ಕೆ ಕಲ್ಲುಗಣಿಯೋ ಹೊಸ ರಸ್ತೆಯೋ ಬಂದಾಗ ಎದುರಿಗಿಟ್ಟು ವಾದಿಸಬೇಕಾದದ್ದು ಈ ವಹಿಯನ್ನೇ ತಾನೆ?

ನವಿಲಿನ ವಿಷಯ ಇನ್ನೂ ಬಾಕಿಯಿದೆ. ಆದಿಚುಂಚನಗಿರಿಯ ಭಕ್ತನಿಗೆ ಅದು ದೇವರ ಹಕ್ಕಿ, ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹೆಸರಿರುವ ಹಕ್ಕಿ. ಬೆಟ್ಟದ ಕೆಳಗೆ ಬಿತ್ತಿದವನಿಗೆ ಅದು ಮೊಳಕೆ ಕೀಳುವ ಹಕ್ಕಿ. ಇಬ್ಬರ ಮಾತೂ ನಿಜ. ನವಿಲು ಹೆಚ್ಚಿತೆ, ಅಥವಾ ನರಿ ತೋಳಗಳು ಕಡಿಮೆಯಾಗಿ ಕುರುಚಲು ಕರಗಿ ನವಿಲು ಹೊಲಕ್ಕಿಳಿಯಿತೆ? ಒಂದು ಚದರ ಕಿಲೋಮೀಟರಿನ ಧಾಮದೊಳಗೆ ನಿಂತು ಎಣಿಸಿದರೆ ಇದಕ್ಕೆ ಉತ್ತರ ಸಿಗದು. ಬೆಟ್ಟದಿಂದ ಹೊಲಕ್ಕೆ, ಹೊಲದಿಂದ ಕೆರೆಗೆ, ಮೇಲುಕೋಟೆಯ ಕುರುಚಲಿಗೆ, ಹೊಳೆಯ ದಡಕ್ಕೆ ವರ್ಷವರ್ಷವೂ ನಡೆದು ಬರೆದವನೇ ಅದನ್ನು ಹೇಳಬಲ್ಲ.

ಆ ವಹಿಯ ನಮೂನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಅಂಕಣ. ಪ್ರತಿಯೊಂದು ಗಿಡ, ಪ್ರಾಣಿಯ ಹೆಸರಿನ ಮುಂದೆ ಎರಡು ಮನೆಗಳಿವೆ: ‘ಹಿಂದೆ’ ಹೇಗಿತ್ತು, ‘ಈಗ’ ಹೇಗಿದೆ. ‘ಈಗ’ ಎಂಬುದನ್ನು ದುರ್ಬೀನು ಹಿಡಿದ ಹುಡುಗ ತುಂಬಬಲ್ಲ. ‘ಹಿಂದೆ’ ಎಂಬುದನ್ನು ತುಂಬಲು ಎಪ್ಪತ್ತು ಎಂಬತ್ತು ದಾಟಿದವರೇ ಬೇಕು. ನಿಮ್ಮ ಮನೆಯಲ್ಲಿ ರೇಡಿಯೋದ ಮಗ್ಗುಲಲ್ಲಿ ಕುಳಿತು ಪ್ರದೇಶ ಸಮಾಚಾರ ಕೇಳುವ ಅಜ್ಜನೋ ಅಜ್ಜಿಯೋ ಈ ಸೀಮೆಯವರಾಗಿದ್ದರೆ, ಚಿಕ್ಕಂದಿನಲ್ಲಿ ಊರ ಬೀಳಿನಲ್ಲಿ ಏನೇನು ಕಂಡಿದ್ದರೆಂದು ಇಂದು ಸಂಜೆ ಕೇಳಿ; ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಊರಿಗೆ ಹೋದಾಗ ಪಂಚಾಯಿತಿ ಕಚೇರಿಯಲ್ಲಿ ಆ ವಹಿಯನ್ನು ತೋರಿಸುವಂತೆ ಕೇಳಿ. ಆ ಮನೆ ಖಾಲಿಯಿದ್ದರೆ ಹಾಳೆಯನ್ನು ಅವರ ಕೈಗೆ ಕೊಟ್ಟು ಬನ್ನಿ.