ಷರೀಫರ ಮಾಳಿಗೆಯ ಪದವೂ ನಮ್ಮ ಮಣ್ಣಿನ ಮಾಳಿಗೆಯೂ

ಶಿಶುನಾಳ ಷರೀಫ ಸಾಹೇಬರ (1819–1889) ತತ್ತ್ವಪದಗಳಲ್ಲಿ ಸೋರುವ ಮಾಳಿಗೆಯನ್ನು ಕುರಿತ ಪದವು ಕನ್ನಡಿಗರಿಗೆಲ್ಲ ಪರಿಚಿತವಾದುದು. ಮಾಳಿಗೆಯೆಂದರೆ ದೇಹ, ಸೋರುವದೆಂದರೆ ಆಯುಷ್ಯವು ಕ್ಷಯಿಸುವದು ಎಂದು ಅರ್ಥ ಹೇಳಿ ಮುಂದೆ ಸಾಗುವದು ನಮ್ಮ ಪಾಠಶಾಲೆಗಳ ವಾಡಿಕೆ. ಈ ಅರ್ಥವು ತಪ್ಪಲ್ಲ. ಆದರೆ ಉಪಮಾನವನ್ನರಿಯದೆ ಉಪಮೇಯವನ್ನು ಅರಿತೆವೆನ್ನುವದು ಸಾಹಿತ್ಯಶಾಸ್ತ್ರಕ್ಕೆ ಸಮ್ಮತವಲ್ಲ. ಆ ಮಾಳಿಗೆ ಎಂತಹದು, ಯಾವ ಕ್ರಮದಿಂದ ಕೆಡುವದು, ಅದನ್ನು ಯಾವಾಗ ಪರೀಕ್ಷಿಸತಕ್ಕದ್ದು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಬೆಳಗಾವಿ ಜಿಲ್ಲೆಯ ಪಡುವಲಲ್ಲಿ, ಸಹ್ಯಾದ್ರಿಯ ಮಗ್ಗುಲಿನ ಖಾನಾಪುರ ಸೀಮೆಯಲ್ಲಿ, ಮಳೆಯು ಅಧಿಕ. ಆದ್ದರಿಂದ ಅಲ್ಲಿಯ ಮನೆಗಳ ಮೇಲ್ಛಾವಣಿ ಇಳಿಜಾರು. ಮೂಡಲಕ್ಕೆ ಬಂದಂತೆ ಮಳೆಯು ತಗ್ಗುತ್ತ ಹೋಗುವದು. ಗೋಕಾಕ, ಮೂಡಲಗಿಗಳ ಕಡೆಗೆ ಮಟ್ಟಸವಾದ ಮಣ್ಣಿನ ಮಾಳಿಗೆಯೇ ಹಿಂದಿನವರ ಆಶ್ರಯವಾಗಿದ್ದಿತು. ಘೋಡಗೇರಿಯಂತಹ ಊರುಗಳು ಈ ಎರಡು ಸೀಮೆಗಳ ನಡುವಿನವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಯಂತ್ರದ ಹಂಚು ದೂರದ ಊರುಗಳಿಗೂ ಹಬ್ಬಿತು. ಆದರೂ ಮಣ್ಣಿನ ಮಾಳಿಗೆಗಳು ಬಹುಕಾಲ ಉಳಿದವು.

ಸಂಸ್ಕೃತ ಗ್ರಂಥಗಳು ಇಲ್ಲಿ ನಮಗೆ ಅರ್ಧ ದಾರಿಯವರೆಗೆ ಮಾತ್ರ ನೆರವಾಗುವವು. ಅಮರಸಿಂಹನು ಛಾವಣಿಗೆ ಪಟಲ, ಛದಿ ಎಂಬ ಹೆಸರುಗಳನ್ನೂ ಅದರ ಅಂಚಿಗೆ ವಲೀಕ, ನೀಧ್ರ ಎಂಬವುಗಳನ್ನೂ ಹೇಳಿರುವನು. ನೆರೆಮನೆಗಳ ಸೂರಂಚುಗಳ ನಡುವೆ ನಾಲ್ಕು ಅಂಗುಲ ಇರಬೇಕು, ಇಲ್ಲವೆ ಒಂದರ ಮೇಲೊಂದು ಚಾಚಿರಬೇಕು ಎಂದು ಕೌಟಿಲ್ಯನು ವಿಧಿಸಿರುವನು. ಇವೆಲ್ಲ ನೀರನ್ನು ಅಂಚಿನಿಂದ ಜಾರಿಸುವ ಛಾವಣಿಗೆ ಒಪ್ಪುವ ಮಾತುಗಳು. ನಮ್ಮ ಮಾಳಿಗೆಯಾದರೋ ನೀರನ್ನು ತಲೆಯ ಮೇಲೆ ಹೊತ್ತು, ಹರಿನಾಳಿಗೆಯಿಂದ ಹೊರಗೆ ಚೆಲ್ಲುವಂತಹದು.

ಅದರ ರಚನೆ ಹೀಗೆ: ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹಲಗೆ ಇಲ್ಲವೆ ಸೀಳುಕಟ್ಟಿಗೆ, ಅದರ ಮೇಲೆ ಸೊಪ್ಪುಸದೆ, ಆಮೇಲೆ ದಪ್ಪನಾದ ಮಣ್ಣು. ಮೇಲ್ಪದರಕ್ಕೆ ಎರೆಮಣ್ಣು ಸಲ್ಲದು. ಅದು ಬಿಸಿಲಿಗೆ ಬಿರಿಯುವದು. ಸವಳು ಮಣ್ಣಿನ ಸೂಕ್ಷ್ಮ ಕಣಗಳು ನೀರು ಸೋಂಕಿದೊಡನೆ ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುವದರಿಂದ ಅದೇ ಶ್ರೇಷ್ಠ. ಹೊಲವನ್ನು ಕೆಡಿಸುವ ಮಣ್ಣು ಮನೆಯನ್ನು ಕಾಯುವದೆಂಬುದು ವಿಚಿತ್ರವಾದರೂ ನಿಜ. ಆದರೆ ಈ ಪದರವೂ ಬೇಸಗೆಯಲ್ಲಿ ಸಣ್ಣಗೆ ಸೀಳುವದು. ಸೀಳಿನಲ್ಲಿ ಗರಿಕೆ ಬೇರೂರುವದು. ಬೇರಿನ ಜಾಡಿನಲ್ಲಿ ಇರುವೆಗಳು ಗೂಡು ತೋಡುವವು. ಆ ದಾರಿಯಿಂದ ನೀರಿಳಿದು ನುಣ್ಣನೆಯ ಮಣ್ಣನ್ನು ಕೊಚ್ಚುವದು. ಕಡೆಗೆ ತೇವವುಂಡ ಜಂತಿಯೂ ತೊಲೆಯೂ ಹುಳುಕುವವು.

ಷರೀಫರ ಪದದಲ್ಲಿ ಇವೆಲ್ಲವೂ ಬಂದಿವೆ. ಆದರೆ ಕ್ರಮವು ತಲೆಕೆಳಗಾಗಿದೆ. ಮೊದಲು ತೊಲೆ-ಜಂತಿ, ಆಮೇಲೆ ಹುಲ್ಲು, ಇರುವೆ, ಕೊನೆಗೆ ಮಣ್ಣು. ಇದು ಪ್ರಾಸದ ಅನುಕೂಲಕ್ಕಾಗಿ ಆದುದಲ್ಲವೆಂದು ನಮ್ಮ ಮತ. ಪದವನ್ನು ನುಡಿಯುವವನು ಕತ್ತಲೆಯಲ್ಲಿ ಮನೆಯೊಳಗಿರುವನು. ಮೇಲೆ ಏರಲಾರೆನೆಂದು ತಾನೇ ಒಪ್ಪಿಕೊಳ್ಳುವನು. ಒಳಗಿನವನಿಗೆ ಮೊದಲು ಪ್ರತ್ಯಕ್ಷವಾಗುವದು ಮರ. ಮಿಕ್ಕುದನ್ನು ಅವನು ಕಾರ್ಯದಿಂದ ಕಾರಣಕ್ಕೆ ಊಹಿಸುವನು. ನೈಯಾಯಿಕರು ಇದನ್ನು ಶೇಷವದನುಮಾನವೆನ್ನುವರು. ತುಂಬಿದ ನದಿಯನ್ನು ನೋಡಿ ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವದು ಅವರ ಉದಾಹರಣೆ. ಬಿಸಿಲಿರುವಾಗಲೇ ಘಟಪ್ರಭೆ ಏರುವದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪದದ ಕೊನೆಗೆ ಬರುವ ‘ಹುಬ್ಬಿ ಮಳೆ’ಯೂ ವಿಚಾರಾರ್ಹವಾದುದು. ‘ಉಬ್ಬು’ ಧಾತುವಿನಿಂದ ಇದನ್ನು ಸಾಧಿಸಬಾರದು. ಪೂರ್ವಫಲ್ಗುನಿಯೇ ಪುಬ್ಬೆ, ಹುಬ್ಬೆ, ಹುಬ್ಬಿ. ಪಾಲು ಹಾಲಾದಂತೆ ಇಲ್ಲಿಯೂ ಪಕಾರವು ಹಕಾರವಾಗಿದೆ. ಸೂರ್ಯನು ಆ ನಕ್ಷತ್ರದಲ್ಲಿರುವದು ಸುಮಾರು ಆಗಸ್ಟ್ 30ರಿಂದ ಸಪ್ಟೆಂಬರ 13ರ ವರೆಗೆ. ಮಾಳಿಗೆಯ ಮೇಲೆ ಹತ್ತಿ ಗರಿಕೆಯನ್ನು ಕಿತ್ತು, ಸೀಳುಗಳನ್ನು ತುಂಬಿ, ಹೊಸ ಮಣ್ಣು ಹಾಕಿ ಬಡಿಯುವದು, ಹರಿನಾಳಿಗೆಯ ಕಸ ತೆಗೆಯುವದು, ಜಂತಿಯು ಗೋಡೆಯೊಳಗೆ ಹೊಕ್ಕ ತಾವಿನಲ್ಲಿ ಕಲೆಯಿದೆಯೋ ಹುಡಿ ಉದುರಿದೆಯೋ ಎಂದು ನೋಡಿ ಬಡಿದು ಸಪ್ಪಳ ಕೇಳುವದು, ಇವು ಜೂನ್ ಮೊದಲ ವಾರ ಕಳೆದು ಮೃಗಶಿರ ಮಳೆ ಹೂಡುವದಕ್ಕೆ ಮುಂಚೆ, ಹಗಲಿನಲ್ಲಿ, ಮಾಡತಕ್ಕ ಕೆಲಸಗಳು. ಹುಬ್ಬಿ ಬರುವಷ್ಟರಲ್ಲಿ ಮೃಗಶಿರದಿಂದ ಮಘೆಯ ವರೆಗಿನ ಆರು ನಕ್ಷತ್ರಗಳ ಮಳೆ ಕಳೆದಿರುವದು. ಮಣ್ಣು ನೆನೆದು ತೂಕವೇರಿರುವದು. ಆಗ ಏರುವದು ಏರಿದವನಿಗೂ ಮಾಳಿಗೆಗೂ ಅಪಾಯ. ಆದ್ದರಿಂದ ಪದದಲ್ಲಿ ಹೇಳಿದ ಅಜ್ಞಾನವು ಕೇವಲ ವೇದಾಂತದ ಅವಿದ್ಯೆಯಲ್ಲ. ಏರತಕ್ಕ ಕಾಲದಲ್ಲಿ ಏರಿ ನೋಡದೆ ಇದ್ದ ಪ್ರಮಾದವೂ ಹೌದು. ಕೊನೆಯಲ್ಲಿ ಈಶ್ವರನ ಕರುಣೆಗೆ ಶರಣಾಗುವದರ ಮರ್ಮವು ಇದರಿಂದಲೇ ತಿಳಿಯುವದು: ಮನುಷ್ಯನು ಮಾಡಬಹುದಾದುದರ ಕಾಲವು ಅಷ್ಟರಲ್ಲಿ ಮುಗಿದಿರುವದು.

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವನ್ನು ಹೇಳಿ, ಅದು ಕೋಟಿ ವರ್ಷ ನಿಲ್ಲುವದೆಂದಿರುವನು. ನಮ್ಮ ಹಳ್ಳಿಯ ಮಾಳಿಗೆಗೆ ಅಂತಹ ಭರವಸೆಯಿರಲಿಲ್ಲ. ವರ್ಷವರ್ಷವೂ ಕೈ ಮುಟ್ಟಿದರೆ ಮಾತ್ರ ಅದು ನಿಲ್ಲುವದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ನೀರು ಕೆಳಗಿನಿಂದ ಬಂದು ಗೋಡೆಗಳನ್ನೇ ಕರಗಿಸಿತು. ಈ ಸೀಮೆಯ ಅನೇಕ ಮಣ್ಣಿನ ಮನೆಗಳು ಬಿದ್ದವು. ಸಿಮೆಂಟಿನ ಛತ್ತಿನ ಕೆಳಗೆ ಬೆಳೆಯುವ ಬಾಲಕನಿಗೆ ಜಂತಿ ಯಾವುದು, ಮಾಳಿಗೆಯ ಮೇಲೆ ಹುಲ್ಲು ಹೇಗೆ ಬೆಳೆಯುವದು ಎಂದು ತೋರಿಸಲು ಇನ್ನು ಕೆಲವೇ ಮನೆಗಳು ಉಳಿದಿವೆ. ಪದವನ್ನು ಕಲಿಸುವ ಅಧ್ಯಾಪಕರು ಒಮ್ಮೆಯಾದರೂ ವಿದ್ಯಾರ್ಥಿಗಳೊಡನೆ ಅಂತಹ ಮನೆಯೊಂದನ್ನು ಹೊಕ್ಕು, ಮೊದಲು ಒಳಗೆ ನಿಂತು ಮೇಲೆ ನೋಡಿ, ಆಮೇಲೆ ಮಾಳಿಗೆಯನ್ನು ಹತ್ತಿ, ಹಿರಿಯರ ಬಾಯಿಂದ ಒಂದೊಂದು ಅಂಗದ ಹೆಸರನ್ನು ಬರೆದುಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ. ಮುಂದೆ ಈ ಪದವನ್ನು ಅಚ್ಚುಮಾಡುವವರು ಆ ಹೆಸರುಗಳನ್ನು ಟಿಪ್ಪಣಿಯಲ್ಲಿ ಕೊಟ್ಟರೆ ದೊಡ್ಡ ಉಪಕಾರವಾಗುವದು.