ಕಂಸಾಳೆಯಿಂದ ರ‍್ಯಾಪಿಗೆ ಬಂದ ಕೋಲುಮಂಡೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮಗೆಲ್ಲ ಕೋಲುಮಂಡೆ ಪದ ಗೊತ್ತು. ಮಾದಪ್ಪ ಜಂಗಮನಾಗಿ ಭಿಕ್ಷಕ್ಕೆ ಬರುವ ಕಥೆ. ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು, ಮನೆ ಮನೆ ಮುಂದೆ ಹಾಡಿ ಉಳಿಸಿಕೊಂಡು ಬಂದದ್ದು. 1996ರಲ್ಲಿ 'ಜನುಮದ ಜೋಡಿ' ಸಿನಿಮಾಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದರು. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದರು.

ಹೀಗಾಗುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ 1954ರಲ್ಲಿ ಬಂದ ಎಲ್ವಿಸ್ ಪ್ರೀಸ್ಲಿಯ ಮೊದಲ ರೆಕಾರ್ಡಿನ ಒಂದು ಬದಿಯಲ್ಲಿ ಕಪ್ಪು ಜನರ ಬ್ಲೂಸ್ ಹಾಡು, ಇನ್ನೊಂದು ಬದಿಯಲ್ಲಿ ಬಿಲ್ ಮನ್ರೋನ ಹಳ್ಳಿಹಾಡು. ರಾಕ್, ಕಂಟ್ರಿ ಎರಡಕ್ಕೂ ಬೇರು ಅಲ್ಲೇ. ಕಂಟ್ರಿಯವರು ಮೀಟುವ ಬ್ಯಾಂಜೊ ಕೂಡ ಆಫ್ರಿಕಾದಿಂದ ಗುಲಾಮರಾಗಿ ಬಂದವರದು! ಆ ಬ್ಲೂಸ್ ಹಾಡು ಕಟ್ಟಿದ ಆರ್ಥರ್ ಕ್ರುಡಪ್‌ಗೆ ಮಾತ್ರ ಬರಬೇಕಾದ ದುಡ್ಡು ಸಾಯುವವರೆಗೂ ಸರಿಯಾಗಿ ಬರಲಿಲ್ಲ.

ನಮ್ಮ ತಕರಾರು ಬೇರೆ. ರ‍್ಯಾಪಿನ ವಿಡಿಯೊದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲು ಸಿಡಿದೆದ್ದಿತು. ಚಂದನ್ ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಹೋಯಿತು. ತಾಳ ಬದಲಾದರೆ ನಮಗೇನೂ ಬೇಸರವಿಲ್ಲ. ಆದರೆ ಸಂಕಮ್ಮ ಎಂದರೆ ಗಂಡ ನೀಲೇಗೌಡನ ಅನುಮಾನಕ್ಕೆ ಸಿಕ್ಕಿ ನರಳಿದ ಶರಣೆ. ಆ ನೋವನ್ನೇ ಬಿಟ್ಟರೆ ಪದದಲ್ಲಿ ಉಳಿಯುವುದೇನು? ಸಂಕಮ್ಮನ ಸಾಲು ಪೂರ್ತಿ ಕೇಳಬೇಕೆಂದರೆ ಇವತ್ತಿಗೂ ಕಂಸಾಳೆಯವರನ್ನೇ ಕರೆಸಬೇಕು, ನಿದ್ದೆಗೆಟ್ಟು ಕೂರಬೇಕು.